ಕ್ಲಿಪ್ ಬಿಚ್ಚಿದ ಮೇಲೆ: ನೆಟ್ಟಗಾದ ಮುಂದಿನ ಹಲ್ಲುಗಳನ್ನು ನೆಟ್ಟಗೇ ಉಳಿಸಿಕೊಳ್ಳುವ ಬಗೆ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಒಂದೂವರೆ, ಎರಡು ವರ್ಷ ಎಲ್ಲವನ್ನೂ ಸಹಿಸಿಕೊಳ್ಳುತ್ತಾರೆ. ತಂತಿ ಬಿಗಿಸಿದಾಗಲೆಲ್ಲ ಎರಡು ದಿನ ಮೊಸರನ್ನವೇ ಗತಿ. ಚಕ್ಕುಲಿ, ಕಬ್ಬು, ಕಡಲೆಮಿಠಾಯಿಯ ಕಡೆ ಕಣ್ಣೆತ್ತಿಯೂ ನೋಡುವಂತಿಲ್ಲ. ಇಷ್ಟೆಲ್ಲ ಮಾಡಿದವರೇ, ಕೊನೆಯಲ್ಲಿ ಕೊಟ್ಟ, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನವಾದ ರಿಟೇನರನ್ನು ಕೆಲವು ತಿಂಗಳಲ್ಲಿ ಮೇಜಿನ ಡ್ರಾಯರ್‌ಗೆ ಸೇರಿಸಿ ಮರೆತುಬಿಡುತ್ತಾರೆ. ಐದಾರು ವರ್ಷಗಳ ಬಳಿಕ ಕೆಳಗಿನ ಬಾಚಿಹಲ್ಲುಗಳು ಒಂದರ ಮೇಲೊಂದು ಏರತೊಡಗಿದಾಗ ಡಾಕ್ಟರ್ ಕೆಲಸವೇ ಸರಿಯಿರಲಿಲ್ಲ ಎಂಬ ದೂರು ಹುಟ್ಟುತ್ತದೆ. ಕೆಲಸ ಸಾಮಾನ್ಯವಾಗಿ ಸರಿಯಾಗಿಯೇ ಆಗಿರುತ್ತದೆ. ಅದರ ನಂತರದ ಕೆಲಸ ರೋಗಿಯದು ಎಂಬುದನ್ನು ಯಾರೂ ಕೂರಿಸಿ ಹೇಳಿರುವುದಿಲ್ಲ, ಅಷ್ಟೆ.

ಈ ವಿಷಯದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ಲೆಕ್ಕ ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ್ದು. ರಾಬರ್ಟ್ ಲಿಟಲ್ ಮತ್ತು ಸಹೋದ್ಯೋಗಿಗಳು, ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡಿದ್ದ 65 ಮಂದಿಯನ್ನು ರಿಟೇನರ್ ನಿಲ್ಲಿಸಿ ಕನಿಷ್ಠ 10 ವರ್ಷವಾದ ಮೇಲೆ ಮತ್ತೆ ಪರೀಕ್ಷಿಸಿ, 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಳಗಿನ ಮುಂದಿನ ಹಲ್ಲುಗಳು ಒಪ್ಪುವಂತೆ ಉಳಿದಿದ್ದವರು ಮೂರರಲ್ಲಿ ಒಂದು ಪಾಲಿಗೂ ಕಡಿಮೆ. 20 ವರ್ಷ ಕಳೆದ 31 ಮಂದಿಯ ಮೇಲಿನ 1988ರ ವರದಿಯಲ್ಲಿ ಆ ಪಾಲು ಶೇ. 10ಕ್ಕೆ ಇಳಿದಿತ್ತು. ಯಾರ ಹಲ್ಲು ಜರುಗುತ್ತದೆ, ಯಾರದು ನಿಲ್ಲುತ್ತದೆ ಎಂದು ಮೊದಲೇ ಹೇಳಬಲ್ಲ ಗುರುತೂ ಅವರಿಗೆ ಸಿಗಲಿಲ್ಲ. ವಯಸ್ಸು, ಲಿಂಗ, ಮೊದಲಿದ್ದ ಸೊಟ್ಟಿನ ಪ್ರಮಾಣ, ಯಾವುದೂ ಭರವಸೆಯ ಸೂಚನೆಯಾಗಲಿಲ್ಲ. ಹಾಗಾಗಿ "ನನ್ನದು ಸ್ವಲ್ಪವೇ ಸೊಟ್ಟಗಿತ್ತು, ನನಗೆ ಬೇಕಿಲ್ಲ" ಎನ್ನುವ ಮಾತಿಗೆ ಆಧಾರವಿಲ್ಲ.

ಹಲ್ಲು ಜರುಗುವುದೇಕೆ?

ಎರಡು ಬೇರೆ ಸಂಗತಿಗಳನ್ನು ನಾವು ಒಂದೇ ಎಂದುಕೊಂಡಿದ್ದೇವೆ. ಮೊದಲನೆಯದು ಹಳೆಯ ಜಾಗಕ್ಕೆ ಮರಳುವುದು. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿನ ಸುತ್ತ ನಾರುಗಳಿವೆ, ಅವೇ ಅದನ್ನು ಮೂಳೆಗೆ ಕಟ್ಟಿಹಾಕಿರುತ್ತವೆ. ಕ್ಲಿಪ್ ಹಲ್ಲನ್ನು ಹೊಸ ಜಾಗಕ್ಕೆ ತಂದಾಗ ಈ ನಾರುಗಳು ಹೊಸದಾಗಿ ಹೆಣೆದುಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ವಸಡಿನೊಳಗಿನ ನಾರುಗಳು ಇನ್ನೂ ನಿಧಾನ. ನಾರ್ವೆಯ ಕಾರೆ ರೈಟನ್ ನಾಯಿಗಳ ಹಲ್ಲು ತಿರುಗಿಸಿ ಪರೀಕ್ಷಿಸಿದಾಗ, 232 ದಿನಗಳ ಬಳಿಕವೂ ವಸಡಿನ ನಾರುಗಳು ಎಳೆದುಕೊಂಡೇ ಇದ್ದವು. ತಿರುಚಿ ಹಿಡಿದ ಹಗ್ಗ ಕೈಬಿಟ್ಟೊಡನೆ ಬಿಚ್ಚಿಕೊಳ್ಳುವ ಹಾಗೆ, ತಿರುಗಿದ್ದ ಹಲ್ಲು ಹಿಂದಕ್ಕೆ ತಿರುಗುವುದು ಇದರಿಂದಲೇ.

ಎರಡನೆಯದಕ್ಕೂ ಕ್ಲಿಪ್‌ಗೂ ಸಂಬಂಧವಿಲ್ಲ. ಕೆಳಗಿನ ಎರಡು ಕೋರೆಹಲ್ಲುಗಳ ನಡುವಿನ ಅಗಲ ವಯಸ್ಸಾದಂತೆ ಕಿರಿದಾಗುತ್ತಾ ಹೋಗುತ್ತದೆ. ಜನ್ಮದಲ್ಲಿ ಕ್ಲಿಪ್ ಕಾಣದವರಲ್ಲೂ ಇದು ನಡೆಯುತ್ತದೆ. ಜೊತೆಗೆ ಹದಿಹರೆಯದ ಕೊನೆಯಲ್ಲಿ ಕೆಳದವಡೆ ಇನ್ನಷ್ಟು ಬೆಳೆದು, ಕೆಳಗಿನ ಬಾಚಿಹಲ್ಲುಗಳು ಮೇಲಿನವುಗಳಿಗೆ ಒತ್ತಿಕೊಂಡು ಒಳಕ್ಕೆ ವಾಲುತ್ತವೆ. ನಾರುಗಳ ಎಳೆತ ಒಂದು ವರ್ಷದಲ್ಲಿ ಬಹುಪಾಲು ತಣ್ಣಗಾಗಬಹುದು, ಆದರೆ ವಯಸ್ಸಿನ ಈ ಬದಲಾವಣೆಗೆ ಮುಕ್ತಾಯದ ದಿನಾಂಕವಿಲ್ಲ. "ರಿಟೇನರ್ ಎಷ್ಟು ದಿನ ಹಾಕಬೇಕು?" ಎಂಬ ಪ್ರಶ್ನೆಗೆ ತಜ್ಞರು ಈಗ "ಹಲ್ಲು ನೆಟ್ಟಗಿರಬೇಕು ಎನಿಸುವಷ್ಟು ದಿನ" ಎಂದು ಉತ್ತರಿಸುವುದು ಈ ಕಾರಣಕ್ಕೆ.

ಹಂತ 1: ಕ್ಲಿಪ್ ಬಿಚ್ಚುವ ಎರಡು ತಿಂಗಳು ಮೊದಲೇ ಮಾತಾಡಿ

ಬಿಚ್ಚುವ ದಿನ ಖುಷಿಯಲ್ಲಿ ಯಾವ ಸೂಚನೆಯೂ ತಲೆಗೆ ಇಳಿಯುವುದಿಲ್ಲ. ಆದ್ದರಿಂದ ಮೊದಲೇ ಕೇಳಿ: ನನ್ನ ಯಾವ ಹಲ್ಲು ಹಿಂದಕ್ಕೆ ಹೋಗುವ ಸಾಧ್ಯತೆ ಹೆಚ್ಚು? ಉತ್ತರ ಸಾಮಾನ್ಯವಾಗಿ ಮೂರು ಜಾಗಗಳಲ್ಲಿ ಸಿಗುತ್ತದೆ: ಹೆಚ್ಚು ತಿರುಗಿದ್ದ ಹಲ್ಲು, ಮೇಲಿನ ನಡು ಹಲ್ಲುಗಳ ಮಧ್ಯೆ ಇದ್ದ ಸಂದು, ಕೆಳಗಿನ ಬಾಚಿಹಲ್ಲುಗಳು.

ತುಂಬ ತಿರುಗಿದ್ದ ಹಲ್ಲಿಗೆ, ಕ್ಲಿಪ್ ಬಿಚ್ಚುವ ಹೊತ್ತಿಗೆ, ಮರಗಟ್ಟಿಸಿ ವಸಡಿನ ನಾರುಗಳನ್ನು ಬಿಡಿಸುವ ಸಣ್ಣ ಚಿಕಿತ್ಸೆಯಿದೆ. ಅಮೆರಿಕದ ಜಾನ್ ಎಡ್ವರ್ಡ್ಸ್ 1970ರಲ್ಲಿ ಅದನ್ನು ವಿವರಿಸಿದರು. ಮೇಲಿನ ಹಲ್ಲುಗಳಲ್ಲಿ ಇದರ ಫಲ ಚೆನ್ನಾಗಿದೆ, ಕೆಳಗಿನವುಗಳಲ್ಲಿ ಅಷ್ಟಕ್ಕಷ್ಟೆ. ಎಲ್ಲರಿಗೂ ಬೇಕಿಲ್ಲ, ಆದರೆ ಒಂದು ಹಲ್ಲು ಅರ್ಧ ಸುತ್ತು ತಿರುಗಿದ್ದರೆ ಕೇಳದೆ ಬಿಡಬೇಡಿ. ನಡು ಸಂದಿಗೆ ಮೇಲ್ತುಟಿಯಿಂದ ಇಳಿದು ಬರುವ ದಪ್ಪ ಪೊರೆಯೂ ಕಾರಣವಾಗಿರಬಹುದು. ಅದನ್ನು ಕತ್ತರಿಸುವುದಿದ್ದರೆ ಸಂದು ಮುಚ್ಚಿದ ನಂತರವೇ ಒಳ್ಳೆಯದು. ಮೊದಲೇ ಕತ್ತರಿಸಿದರೆ ಅಲ್ಲಿ ಮೂಡುವ ಕಲೆ ಗಟ್ಟಿಯಾಗಿ ಹಲ್ಲು ಹತ್ತಿರ ಬರಲು ಅಡ್ಡಿಯಾಗಬಹುದು.

ಇನ್ನೊಂದು ಕೆಲಸ ಖರ್ಚಿಲ್ಲದ್ದು. ಹಲ್ಲಿನ ಡಿಜಿಟಲ್ ಸ್ಕ್ಯಾನ್ ತೆಗೆದಿದ್ದರೆ ಅದರ ಎಸ್‌ಟಿಎಲ್ ಫೈಲ್ (ಹಲ್ಲಿನ ಮೂರು ಆಯಾಮದ ಆಕಾರವಿರುವ ಕಂಪ್ಯೂಟರ್ ಕಡತ) ನಿಮ್ಮ ಮೇಲ್‌ಗೆ ಕಳುಹಿಸಲು ಹೇಳಿ. ಸ್ಕ್ಯಾನ್ ಇಲ್ಲದಿದ್ದರೆ ಪ್ಲಾಸ್ಟರ್ ಅಚ್ಚನ್ನು ಕೇಳಿ ಪಡೆದು, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ಮುಂದೆ ಓದಿಗೋ ಕೆಲಸಕ್ಕೋ ಬೆಂಗಳೂರಿನಿಂದ ಮ್ಯೂನಿಕ್‌ಗೋ ಡಲ್ಲಾಸ್‌ಗೋ ಹೋದಾಗ ರಿಟೇನರ್ ಮುರಿದರೆ, ಅಲ್ಲಿನ ಲ್ಯಾಬ್‌ಗೆ ಆ ಫೈಲ್ ಒಂದಿದ್ದರೆ ಸಾಕು. ಚಿಕಿತ್ಸೆ ಮುಗಿದ ದಿನದ ಹಲ್ಲು ಹೇಗಿತ್ತೆಂಬುದಕ್ಕೆ ದಾಖಲೆಯೂ ಅದೇ.

ಹಂತ 2: ಯಾವ ರಿಟೇನರ್?

ನಮ್ಮಲ್ಲಿ ಸಿಗುವುದು ಮೂರು ಬಗೆ.

ತಂತಿಯ ಪ್ಲೇಟ್: ಅಂಗುಳಿಗೆ ಕೂರುವ ಗುಲಾಬಿ ಬಣ್ಣದ ಅಕ್ರಿಲಿಕ್, ಮುಂದೆ ಒಂದು ಕಮಾನು ತಂತಿ. ಚಾರ್ಲ್ಸ್ ಹಾಲಿ 1919ರಲ್ಲಿ ವಿವರಿಸಿದ ಈ ವಿನ್ಯಾಸ ನೂರು ವರ್ಷ ದಾಟಿಯೂ ಬಳಕೆಯಲ್ಲಿದೆ. ಗಟ್ಟಿ, ರಿಪೇರಿ ಮಾಡಬಹುದು, ಹಿಂದಿನ ಹಲ್ಲುಗಳು ಒಂದಕ್ಕೊಂದು ಕೂಡಿಕೊಂಡು ಸಹಜವಾಗಿ ಕೂರಲು ಬಿಡುತ್ತದೆ. ಮೊದಲ ವಾರ ಮಾತು ತೊದಲುತ್ತದೆ, ಶ-ಸ ಉಚ್ಚಾರ ಎಡವುತ್ತದೆ. ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾ ಹೋದರೆ ಬೇಗ ಸರಿಹೋಗುತ್ತದೆ.

ಪಾರದರ್ಶಕ ಪ್ಲೇಟ್: ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಅಚ್ಚಿನ ಮೇಲೆ ಎಳೆದು ಮಾಡಿದ್ದು. ಕಾಣಿಸುವುದಿಲ್ಲ, ಅಗ್ಗ, ಕೆಳಗಿನ ಬಾಚಿಹಲ್ಲುಗಳನ್ನು ತಂತಿಯ ಪ್ಲೇಟ್‌ಗಿಂತ ಸ್ವಲ್ಪ ಬಿಗಿಯಾಗಿ ಹಿಡಿಯುತ್ತದೆ. ಆದರೆ ಆಯಸ್ಸು ಕಡಿಮೆ, ಸೀಳುತ್ತದೆ, ಸವೆಯುತ್ತದೆ. ರಾತ್ರಿ ಹಲ್ಲು ಕಡಿಯುವವರ ಬಾಯಲ್ಲಿ ಇನ್ನೂ ಬೇಗ.

ಅಂಟಿಸಿದ ತಂತಿ: ಹಲ್ಲಿನ ಒಳಬದಿಗೆ, ಸಾಮಾನ್ಯವಾಗಿ ಕೋರೆಹಲ್ಲಿನಿಂದ ಕೋರೆಹಲ್ಲಿನವರೆಗೆ, ಹಲ್ಲಿನ ಬಣ್ಣದ ಅಂಟಾದ ಕಾಂಪೋಸಿಟ್‌ನಿಂದ ಅಂಟಿಸುವ ಹೆಣೆದ ತೆಳು ಉಕ್ಕಿನ ತಂತಿ. ನೆನಪಿಡುವ ಹೊರೆಯಿಲ್ಲ, ತೆಗೆದಿಟ್ಟು ಕಳೆಯುವ ಪ್ರಶ್ನೆಯೂ ಇಲ್ಲ.

ನನ್ನನ್ನು ಕೇಳಿದರೆ, ಕೆಳಗೆ ಅಂಟಿಸಿದ ತಂತಿ, ಜೊತೆಗೆ ರಾತ್ರಿಗೆ ಎರಡೂ ದವಡೆಗೆ ಪ್ಲೇಟ್. ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ. ಬರೀ ಅಂಟಿಸಿದ ತಂತಿಯನ್ನು ನಂಬಿ ಕೂರುವುದು ನನಗೆ ಒಪ್ಪಿಗೆಯಿಲ್ಲ, ಕಾರಣ ಮುಂದೆ ಬರುತ್ತದೆ. ಒಂದು ಸ್ಥಳೀಯ ಮಾತು: ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರಿನಂಥ ಕಡೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ, ಬಿಳಿ ಮಚ್ಚೆಗಳಿರುತ್ತವೆ. ಅಂಥ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ಗೆ ಅಂಟು ಕೂರಿಸಲು ಹೆಚ್ಚಿನ ಎಚ್ಚರ ಬೇಕು. ತಂತಿ ಹಾಕಿಸುವ ಮುನ್ನ ಡಾಕ್ಟರ್ ಗಮನಕ್ಕೆ ತನ್ನಿ.

ಹಂತ 3: ಮೊದಲ ಆರು ತಿಂಗಳು

ಕ್ಲಿಪ್ ಬಿಚ್ಚಿದ ದಿನವೇ, ಹೆಚ್ಚೆಂದರೆ ಒಂದೆರಡು ದಿನದೊಳಗೆ, ರಿಟೇನರ್ ಬಾಯಲ್ಲಿರಬೇಕು. "ಮುಂದಿನ ವಾರ ಲ್ಯಾಬ್‌ನಿಂದ ಬರುತ್ತದೆ" ಎಂದರೆ ಅಲ್ಲಿಯವರೆಗೆ ತಾತ್ಕಾಲಿಕವಾಗಿ ಒಂದನ್ನು ಕೇಳಿ.

ಎಷ್ಟು ಹೊತ್ತು ಹಾಕಬೇಕೆಂಬುದರಲ್ಲಿ ಡಾಕ್ಟರ್‌ಗಳು ಬೇರೆ ಬೇರೆ ಮಾತಾಡುತ್ತಾರೆ. ಕೆಲವರು ಮೂರರಿಂದ ಆರು ತಿಂಗಳು ಊಟ, ಬ್ರಷ್ ಬಿಟ್ಟು ಇಡೀ ದಿನ ಎನ್ನುತ್ತಾರೆ. ಇನ್ನು ಕೆಲವರು ಮೊದಲ ದಿನದಿಂದಲೇ ರಾತ್ರಿ ಮಾತ್ರ ಸಾಕು ಎನ್ನುತ್ತಾರೆ. ಪಾರದರ್ಶಕ ಪ್ಲೇಟ್‌ಗಳ ಮಟ್ಟಿಗೆ ಆ ಮಾತನ್ನು ಬೆಂಬಲಿಸುವ ಪರೀಕ್ಷೆಗಳೂ ಇವೆ. ಪಕ್ಕದ ಮನೆಯ ಹುಡುಗಿಗೆ ಹೇಳಿದ್ದನ್ನು ನೀವು ಪಾಲಿಸಬೇಡಿ. ನಿಮ್ಮ ಹಲ್ಲು ಎಷ್ಟು ದೂರ ಜರುಗಿದೆ ಎಂದು ಬಲ್ಲವರು ನಿಮ್ಮ ಡಾಕ್ಟರ್.

ಸಂದೇಹವಿದ್ದರೆ ಪ್ಲೇಟನ್ನೇ ಕೇಳಿ. ರಾತ್ರಿ ಹಾಕಿಕೊಳ್ಳುವಾಗ ಯಾವುದೋ ಒಂದು ಹಲ್ಲಿನ ಮೇಲೆ ಒತ್ತಿದಂತಾಗಿ, ಐದು ನಿಮಿಷದಲ್ಲಿ ಸರಿಹೋದರೆ ಆ ಹಲ್ಲು ಹಗಲಿನಲ್ಲಿ ಜರುಗುತ್ತಿದೆ ಎಂದು ತಿಳಿಯಿರಿ. ಹಾಕುವ ಹೊತ್ತು ಹೆಚ್ಚಿಸಿ. ಸತತವಾಗಿ ಕೆಲವು ವಾರ ಯಾವ ಬಿಗಿತವೂ ಇಲ್ಲದೆ ಕೂತರೆ ಮಾತ್ರ ಕಡಿಮೆ ಮಾಡುವ ಮಾತೆತ್ತಿ. ವರ್ಷಗಳ ಮೇಲೂ ಈ ಪರೀಕ್ಷೆ ನಡೆಯುತ್ತದೆ: ವಾರಕ್ಕೆ ಮೂರು ರಾತ್ರಿ ಹಾಕಿದಾಗ ಸಲೀಸಾಗಿ ಕೂರುತ್ತಿದ್ದದ್ದು ವಾರಕ್ಕೊಮ್ಮೆ ಹಾಕಿದಾಗ ಬಿಗಿಯಾದರೆ ನಿಮ್ಮ ಮಿತಿ ಮೂರು ರಾತ್ರಿ.

ಹಂತ 4: ಪ್ಲೇಟ್ ಕಳೆಯದ ಹಾಗೆ, ಕೆಡದ ಹಾಗೆ

ರಿಟೇನರ್‌ಗಳು ಕಳೆಯುವುದು ಊಟದ ಹೊತ್ತಿನಲ್ಲಿ. ಮದುವೆ ಮನೆಯಲ್ಲಿ ಬಾಯಿಂದ ತೆಗೆದು, ಟಿಶ್ಯೂ ಕಾಗದದಲ್ಲಿ ಸುತ್ತಿ, ಎಲೆಯ ಪಕ್ಕ ಇಟ್ಟಿರುತ್ತೀರಿ. ಪಾಯಸ, ಮಜ್ಜಿಗೆ ಮುಗಿದು ಕೈತೊಳೆಯಲು ಎದ್ದಾಗ ಎಲೆ ಎತ್ತುವವರು ಎಲ್ಲವನ್ನೂ ಸೇರಿಸಿ ಒಯ್ದಿರುತ್ತಾರೆ. ಡಬ್ಬಿ ಇಲ್ಲದೆ ಬಾಯಿಂದ ತೆಗೆಯಬಾರದು, ನಿಯಮ ಇದೊಂದೇ. ಗಾಢ ಬಣ್ಣದ ಡಬ್ಬಿ ಕೊಳ್ಳಿ, ಮುಚ್ಚಳದ ಮೇಲೆ ಫೋನ್ ನಂಬರ್ ಬರೆಯಿರಿ. ನಾಯಿ ಸಾಕಿದವರು ಅದನ್ನು ಎತ್ತರದಲ್ಲಿಡಿ. ಎಂಜಲಿನ ವಾಸನೆಗೆ ನಾಯಿಗಳು ಇದನ್ನು ಕಚ್ಚಿ ಪುಡಿಮಾಡುತ್ತವೆ. ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿ ಹಾಸ್ಟೆಲ್‌ಗೆ ಹೊರಟಾಗ ಹಾಸಿಗೆ, ಬಕೆಟ್ ಜೊತೆ ಹೆಚ್ಚುವರಿ ಪ್ಲೇಟ್ ಒಂದನ್ನೂ ಕೊಟ್ಟು ಕಳುಹಿಸಿ. ಕೇಳುವವರಿಲ್ಲದ ಆ ಎರಡು ವರ್ಷಗಳಲ್ಲೇ ಬಹಳಷ್ಟು ಹಲ್ಲುಗಳು ಕೈತಪ್ಪುತ್ತವೆ.

ತೊಳೆಯಲು ತಣ್ಣೀರು, ಮೆತ್ತನೆಯ ಬ್ರಷ್, ಒಂದು ಹನಿ ಸೌಮ್ಯ ದ್ರವ ಸೋಪು ಸಾಕು. ಟೂತ್‌ಪೇಸ್ಟ್ ಬೇಡ, ಅದರ ಒರಟು ಕಣಗಳಿಂದ ಗೀರು ಬಿದ್ದು ಅಲ್ಲಿ ಕೊಳೆ ಕೂರುತ್ತದೆ. ಕುದಿನೀರಿನಲ್ಲಿ ಹಾಕಿದರೆ ಪ್ಲೇಟ್ ಆಕಾರ ಕಳೆದುಕೊಳ್ಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಬಿಡಬೇಡಿ. ಪ್ಲೇಟ್ ಬಾಯಲ್ಲಿಟ್ಟುಕೊಂಡು ನೀರೊಂದನ್ನೇ ಕುಡಿಯಬಹುದು. ಸಿಹಿ ಕಾಫಿ, ತಂಪು ಪಾನೀಯ ಒಳಗೆ ಸೇರಿದರೆ ಎಂಜಲು ತೊಳೆಯಲಾರದೆ ಹಲ್ಲಿನ ಮೇಲೇ ನಿಂತು ಹುಳುಕಿಗೆ ದಾರಿಯಾಗುತ್ತದೆ. ಸಾರು, ಹುಳಿಯ ಅರಿಶಿನ ಒಂದೇ ಊಟದಲ್ಲಿ ಪಾರದರ್ಶಕ ಪ್ಲೇಟನ್ನು ಹಳದಿಯಾಗಿಸಬಲ್ಲದು. ಅದು ನೋಟದ ತೊಂದರೆ ಅಷ್ಟೆ, ಹಿಡಿತಕ್ಕೆ ಧಕ್ಕೆಯಿಲ್ಲ.

ಹಂತ 5: ಅಂಟಿಸಿದ ತಂತಿಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ

ಅಂಟಿಸಿದ ತಂತಿಯ ದೊಡ್ಡ ದೋಷ, ಅದು ಸದ್ದಿಲ್ಲದೆ ಬಿಟ್ಟುಕೊಳ್ಳುವುದು. ಆರು ಹಲ್ಲುಗಳಲ್ಲಿ ಒಂದರಿಂದ ಅಂಟು ಬಿಟ್ಟರೆ ನೋವಿಲ್ಲ, ತಂತಿ ಜಾಗದಲ್ಲೇ ಇರುತ್ತದೆ, ಆ ಒಂದು ಹಲ್ಲು ಮಾತ್ರ ತನ್ನ ಪಾಡಿಗೆ ಹೊರಟಿರುತ್ತದೆ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಪರೀಕ್ಷಿಸುವುದು ಹೀಗೆ. ಔಷಧಿ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಸಿಗುವ ಉದ್ದ ಹಿಡಿಯ ಸಣ್ಣ ಬಾಯಿ ಕನ್ನಡಿ ತನ್ನಿ. ಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಉಸಿರಿಗೆ ಮಂಜಾಗುವುದಿಲ್ಲ. ಬಚ್ಚಲಿನ ಕನ್ನಡಿಯ ಮುಂದೆ ನಿಂತು, ಮೊಬೈಲ್ ಟಾರ್ಚ್ ಹೊತ್ತಿಸಿ, ಬಾಯಿ ಕನ್ನಡಿಯನ್ನು ನಾಲಿಗೆಯ ಮುಂದೆ ಇಟ್ಟು ಕೆಳಹಲ್ಲಿನ ಒಳಬದಿ ನೋಡಿ. ಪ್ರತಿ ಹಲ್ಲಿನ ಮೇಲೂ ಅಂಟಿನ ಒಂದೊಂದು ಬೊಟ್ಟು ಕಾಣಬೇಕು, ಎಣಿಸಿ. ಬಳಿಕ ಮರದ ಹಲ್ಲುಕಡ್ಡಿಯ ತುದಿಯಿಂದ ಎರಡು ಬೊಟ್ಟುಗಳ ನಡುವಿನ ತಂತಿಯನ್ನು ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ಏನೂ ಅಲುಗುವುದಿಲ್ಲ. ಬಿಟ್ಟುಕೊಂಡಿದ್ದರೆ ಬೊಟ್ಟಿನ ಅಂಚಿನಲ್ಲಿ ಎಂಜಲು ಸಣ್ಣಗೆ ಗುಳ್ಳೆಯೊಡೆಯುತ್ತದೆ, ಅಥವಾ ಬೊಟ್ಟೇ ತಂತಿಯೊಡನೆ ಅಲುಗುತ್ತದೆ. ಅಂಟು ಇದ್ದಕ್ಕಿದ್ದಂತೆ ಕಂದಾಗಿದ್ದರೂ ಒಳಗೆ ಕೊಳೆ ನುಗ್ಗಿರಬಹುದು. ಆ ವಾರವೇ ಡಾಕ್ಟರ್ ಬಳಿ ಹೋಗಿ, ಅಲ್ಲಿಯವರೆಗೆ ಪ್ಲೇಟ್ ಕೂರುತ್ತಿದ್ದರೆ ಹಾಕಿಕೊಳ್ಳಿ.

ಇನ್ನೊಂದು ವಿಚಿತ್ರ ಸಂಗತಿ: ಅಂಟು ಎಲ್ಲೂ ಬಿಡದೆಯೂ ಕೆಲವರಲ್ಲಿ ತಂತಿಯೇ ನಿಧಾನವಾಗಿ ತಿರುಚಿಕೊಳ್ಳುತ್ತದೆ. ಒಂದು ಬದಿಯ ಕೋರೆಹಲ್ಲು ಹೊರಕ್ಕೆ, ಇನ್ನೊಂದು ಬದಿಯದು ಒಳಕ್ಕೆ ವಾಲುತ್ತದೆ. ವಿಪರೀತಕ್ಕೆ ಹೋದರೆ ಬೇರು ಮೂಳೆಯಿಂದ ಹೊರಬಂದು ವಸಡು ಕೆಳಗಿಳಿಯುತ್ತದೆ. ಇದು ಅಪರೂಪ, ಆದರೆ ಬರೀ ತಂತಿ ನಂಬಬೇಡಿ ಎಂದದ್ದು ಇದಕ್ಕೇ. ವರ್ಷಕ್ಕೊಮ್ಮೆ ನೆಟ್ಟಗೆ ಎದುರಿನಿಂದ ಒಂದು ಫೋಟೊ ತೆಗೆದು ಹಳೆಯದರ ಜೊತೆ ಹೋಲಿಸಿ. ದಿನಾ ನೋಡುವ ಕಣ್ಣಿಗೆ ಸಣ್ಣ ಬದಲಾವಣೆ ತಿಳಿಯುವುದಿಲ್ಲ.

ಇನ್ನು ಶುಚಿ. ನಾಲಿಗೆಯ ಕೆಳಗಿನ ಗ್ರಂಥಿಗಳ ಎಂಜಲು ಸುರಿಯುವುದು ಸರಿಯಾಗಿ ಈ ತಂತಿಯ ಹಿಂದೆ. ಆದ್ದರಿಂದ ಹಲ್ಲಿನ ಕಲ್ಲು ಕಟ್ಟುವುದೂ ಅಲ್ಲೇ ಹೆಚ್ಚು. ತುದಿ ಗಟ್ಟಿಯಿರುವ ಸೂಪರ್‌ಫ್ಲಾಸ್ ದಾರವನ್ನು ತಂತಿಯ ಕೆಳಗೆ, ಎರಡು ಹಲ್ಲುಗಳ ನಡುವೆ ತೂರಿಸಿ, ಸ್ಪಂಜಿನ ಭಾಗ ಬರುವವರೆಗೆ ಎಳೆಯಿರಿ. ಒಂದು ಹಲ್ಲನ್ನು ಅಪ್ಪುವಂತೆ ಬಾಗಿಸಿ ಮೇಲೆ ಕೆಳಗೆ ಉಜ್ಜಿ, ಬಳಿಕ ಪಕ್ಕದ ಹಲ್ಲಿಗೆ. ಹೀಗೆ ಐದು ಸಂದು. ಮೊದಮೊದಲು ಕಿರಿಕಿರಿ, ಅಭ್ಯಾಸವಾದರೆ ಎರಡು ನಿಮಿಷದ ಕೆಲಸ. ದಾರ ಒಗ್ಗದವರಿಗೆ ಸಂದುಗಳಲ್ಲಿ ಹಿಡಿಯುವ ಪುಟ್ಟ ಬ್ರಷ್‌ಗಳಿವೆ. ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸುವಾಗ ತಂತಿಯನ್ನೂ ನೋಡಲು ಹೇಳಿ.

ಹಂತ 6: ವಸಡು, ನಾಲಿಗೆ, ಬುದ್ಧಿಹಲ್ಲು

ವಸಡಿನ ಕಾಯಿಲೆಯಲ್ಲಿ ಮೂಳೆ ಕರಗಿದರೆ ಹಲ್ಲನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ನಲವತ್ತು ದಾಟಿದವರಲ್ಲಿ ಮೇಲಿನ ಹಲ್ಲುಗಳು ಬೀಸಣಿಗೆಯಂತೆ ಹರಡಿ ಸಂದು ಬಿಡುವುದು ಹೆಚ್ಚಾಗಿ ಇದರಿಂದ. ಉಜ್ಜುವಾಗ ರಕ್ತ ಬಂದರೆ ಕಡೆಗಣಿಸಬೇಡಿ. ಸಕ್ಕರೆ ಕಾಯಿಲೆಯವರು, ತಂಬಾಕು ಬಳಸುವವರು ಇನ್ನಷ್ಟು ಎಚ್ಚರವಾಗಿರಬೇಕು. ಇಲ್ಲಿ ರಿಟೇನರ್ ಒಂದೇ ಸಾಲದು; ಮೊದಲು ವಸಡಿನ ಚಿಕಿತ್ಸೆ.

ನಾಲಿಗೆ ಸುಮ್ಮನಿರುವಾಗ ಮುಂದಿನ ಹಲ್ಲಿಗೆ ಒರಗಿಕೊಂಡಿರುವ ಅಭ್ಯಾಸ ಇದ್ದವರಲ್ಲಿ ಹಲ್ಲು ಮತ್ತೆ ಉಬ್ಬುವ ಸಾಧ್ಯತೆಯಿದೆ. ನುಂಗುವಾಗಿನ ಕ್ಷಣದ ತಳ್ಳಾಟಕ್ಕಿಂತ ದಿನವಿಡೀ ಇರುವ ಹಗುರ ಒತ್ತಡವೇ ಹೆಚ್ಚು ಕೆಲಸ ಮಾಡುವುದು.

ಬುದ್ಧಿಹಲ್ಲು ಹಿಂದಿನಿಂದ ತಳ್ಳಿ ಮುಂದಿನ ಹಲ್ಲು ಸೊಟ್ಟಗಾಗುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಬ್ರಿಟನ್ನಿನಲ್ಲಿ ಹ್ಯಾರಡೈನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬುದ್ಧಿಹಲ್ಲು ತೆಗೆಸಿದವರಿಗೂ ಉಳಿಸಿಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೋವು, ಕೀವು, ಹುಳುಕು ಇದ್ದರೆ ತೆಗೆಸಿ. ಮುಂದಿನ ಹಲ್ಲು ಕಾಪಾಡುವುದಕ್ಕೆಂದೇ ತೆಗೆಸಬೇಕಿಲ್ಲ.

ಹಂತ 7: ಹಲ್ಲು ಜರುಗಿಯೇಬಿಟ್ಟರೆ

ಕೆಲವು ವಾರ ಬಿಟ್ಟು ಪ್ಲೇಟ್ ಹಾಕಿದಾಗ ಬಿಗಿಯಾಗಿದ್ದರೂ ಪೂರ್ತಿ ಕೂತರೆ, ಕೆಲವು ದಿನ ಹಗಲೂ ರಾತ್ರಿ ಹಾಕಿ. ಸಣ್ಣ ಜರುಗುವಿಕೆ ಸರಿಹೋಗಬಹುದು. ಪ್ಲೇಟ್ ಮತ್ತು ಹಲ್ಲಿನ ತುದಿಯ ನಡುವೆ ಖಾಲಿ ಜಾಗ ಕಾಣುತ್ತಿದ್ದರೆ ಒತ್ತಾಯದಿಂದ ಕೂರಿಸಬೇಡಿ, ಇಕ್ಕಳ ಹಿಡಿದು ತಂತಿ ಬಗ್ಗಿಸಲೂ ಹೋಗಬೇಡಿ. ಪ್ಲೇಟ್ ಕಳೆದುಹೋದರೆ ಅದೇ ವಾರ ಹೊಸದು ಮಾಡಿಸಿ. ಅಲೈನರ್ (ಕ್ಲಿಪ್ ಬದಲು ಹಲ್ಲನ್ನು ಹಂತಹಂತವಾಗಿ ಜರುಗಿಸುವ ಪಾರದರ್ಶಕ ಪ್ಲೇಟ್) ಚಿಕಿತ್ಸೆ ಪಡೆದವರ ಬಳಿ ಕೊನೆಯ ಜೊತೆ ಉಳಿದಿದ್ದರೆ ಅಲ್ಲಿಯವರೆಗೆ ಅದು ಕೆಲಸಕ್ಕೆ ಬರುತ್ತದೆ.

ಸಂದು ಮುಚ್ಚಲು ಎರಡು ಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತುವ ವೀಡಿಯೊಗಳು ಮೊಬೈಲ್‌ನಲ್ಲಿ ಹರಿದಾಡುತ್ತವೆ. ಇದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಹಲ್ಲಿನ ಬೇರು ಮೊನಚು. ಬ್ಯಾಂಡ್ ವಸಡಿನೊಳಗೆ ಜಾರಿ, ಬೇರಿನುದ್ದಕ್ಕೂ ಏರುತ್ತಾ ಮೂಳೆಯನ್ನು ಕರಗಿಸುತ್ತದೆ. ಗಟ್ಟಿಮುಟ್ಟಾದ ಹಲ್ಲನ್ನು ಹೀಗೆ ಕಳೆದುಕೊಂಡ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಮನೆಗೇ ಅಲೈನರ್ ಕಳುಹಿಸುವ ಕಂಪನಿಗಳ ವಿಷಯದಲ್ಲೂ ಎಚ್ಚರ: ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿದಾಗ ಅರ್ಧ ಚಿಕಿತ್ಸೆಯಲ್ಲಿದ್ದವರು ನಡುನೀರಿನಲ್ಲಿ ಉಳಿದರು.

ಎಷ್ಟು ಸೊಟ್ಟಗಾದರೆ ಮತ್ತೆ ಚಿಕಿತ್ಸೆ? ಲಿಟಲ್ ಅವರೇ ರೂಪಿಸಿದ ಅಳತೆಯಿದೆ: ಕೆಳಗಿನ ಆರು ಹಲ್ಲುಗಳು ಒಂದನ್ನೊಂದು ಮುಟ್ಟಬೇಕಾದ ಐದು ಜಾಗಗಳಲ್ಲಿ ಎಷ್ಟೆಷ್ಟು ಮಿಲಿಮೀಟರ್ ತಪ್ಪಿದೆ ಎಂದು ಅಳೆದು ಕೂಡುವುದು. ಮೊತ್ತ 3.5 ಮಿ.ಮೀ. ಒಳಗಿದ್ದರೆ ಒಪ್ಪಬಹುದಾದ ಸ್ಥಿತಿ ಎಂದು ಅವರು ಎಣಿಸಿದರು. ಅಷ್ಟರೊಳಗಿದ್ದು ನಿಮಗೂ ಕಿರಿಕಿರಿಯಿಲ್ಲದಿದ್ದರೆ, ಈಗಿನ ಸ್ಥಿತಿಯಲ್ಲೇ ಹೊಸ ಅಚ್ಚು ತೆಗೆಸಿ ಹೊಸ ರಿಟೇನರ್ ಹಾಕಿಸಿ ಅಲ್ಲಿಗೇ ನಿಲ್ಲಿಸುವುದು ಜಾಣತನ. ಅದಕ್ಕಿಂತ ಹೆಚ್ಚಿದ್ದರೆ ಕೆಲವು ತಿಂಗಳ ಅಲೈನರ್ ಅಥವಾ ಮುಂದಿನ ಹಲ್ಲಿಗಷ್ಟೇ ಕ್ಲಿಪ್ ಸಾಕಾಗುವುದುಂಟು. ಜಾಗ ಸಾಲದಿದ್ದರೆ ಹಲ್ಲುಗಳ ನಡುವೆ ಎನಾಮಲನ್ನು ಕೂದಲೆಳೆಯಷ್ಟು ಉಜ್ಜಿ ಜಾಗ ಮಾಡುತ್ತಾರೆ. ಖಾಸಗಿ ಕ್ಲಿನಿಕ್‌ನ ದರ ಭಾರವೆನಿಸಿದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲೂ, ಧಾರವಾಡ, ಮಣಿಪಾಲ, ದಾವಣಗೆರೆಯ ದಂತ ಕಾಲೇಜುಗಳಲ್ಲೂ ವಿಚಾರಿಸಿ. ಮೊದಲ ಭೇಟಿಗೆ ಹಳೆಯ ಅಚ್ಚು ಅಥವಾ ಸ್ಕ್ಯಾನ್ ಫೈಲ್, ಹಳೆಯ ಪ್ಲೇಟ್, ಮೊದಲ ಚಿಕಿತ್ಸೆಯ ಫೋಟೊಗಳನ್ನು ಒಯ್ಯಿರಿ. ಈ ಸಲದ ಖರ್ಚಿನ ಅಂದಾಜಿನಲ್ಲಿ ಅಂಟಿಸುವ ತಂತಿ ಮತ್ತು ಎರಡು ಜೊತೆ ಪ್ಲೇಟ್ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ.